ನಾಲ್ಕು ಸಲ ಬರಿಗೈಯಲ್ಲಿ ಬಂದ ನಿನ್ನ ಆ ನಟ

ಪುಟ್ಟೀ,

ಬ್ಯಾಂಕಿನ ಕೆಲಸ ಬಿಟ್ಟು ನಟನೆ ಕಲಿಯಲು ನ್ಯೂಯಾರ್ಕಿಗೆ ಹೋಗುತ್ತೇನೆ ಅಂದೆಯಲ್ಲ, ಆ ಜಗಳದ ದಿನ ನೀನು ಒಂದೇ ಮಾತು ಹೇಳಿ ಬಾಗಿಲು ಹಾಕಿಕೊಂಡೆ. "ರಾವುಲ್ ಎಸ್ಪಾರ್ಸಾ ಓದಿದ್ದೂ ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲೇ, ಗೊತ್ತಾ ಅಪ್ಪಾ?" ಆ ನಟನ ಬಗ್ಗೆ ನನಗೆ ಗೊತ್ತಿದ್ದದ್ದು ನೀನು ನೋಡುತ್ತಿದ್ದ ಧಾರಾವಾಹಿಯಲ್ಲಿ ಸಸ್ಪೆಂಡರ್ ಹಾಕಿಕೊಂಡು ವಾದಿಸುವ ಸರ್ಕಾರಿ ವಕೀಲ ಬಾರ್ಬಾನ ಪಾತ್ರ ಮಾತ್ರ. ನೀನು ಮಾತು ಬಿಟ್ಟ ಮೇಲೆ ಕೂತು ಓದಿದೆ. ನಾಳೆ ನಿನ್ನ ವಿಮಾನ. ಎದುರಿಗೆ ಹೇಳಿದರೆ ಮತ್ತೆ ಜಗಳ, ಅದಕ್ಕೇ ಈ ಕಾಗದ.

ಕ್ಯೂಬಾ ಮೂಲದ ಮನೆಯವನು, ಬೆಳೆದದ್ದು ಮಯಾಮಿಯಲ್ಲಿ. ಕ್ಯಾಸ್ಟ್ರೋ ಆಳ್ವಿಕೆ ಬೇಡವೆಂದು ದ್ವೀಪ ಬಿಟ್ಟವರೇ ತುಂಬಿದ ಊರು ಅದು. ಆ ಊರಿನ ಹುಡುಗ 'ಎವಿಟಾ' ಎಂಬ ಸಂಗೀತನಾಟಕದ ತಂಡದ ಜೊತೆ ಊರೂರು ತಿರುಗಿದ್ದು ಯಾವ ಪಾತ್ರದಲ್ಲಿ ಅಂತೀಯ? ಚೆ ಎಂಬ ಪಾತ್ರದಲ್ಲಿ! ಕ್ಯಾಸ್ಟ್ರೋನ ಜೊತೆಗಾರ ಚೆ ಗುವಾರಾನನ್ನು ನೆನಪಿಸುವ ಹೆಸರು. ಆ ಮನೆಯಲ್ಲಿ ಏನು ಮಾತಾಯಿತೋ. ನಮ್ಮ ಜಗಳ ಏನೇನೂ ಅಲ್ಲ.

ಆದರೆ ನೀನು ಹೇಳದೆ ಬಿಟ್ಟದ್ದೂ ಇದೆ. ಓದು ಮುಗಿದದ್ದು 1992ರಲ್ಲಿ, ನ್ಯೂಯಾರ್ಕಿನ ದೊಡ್ಡ ರಂಗಭೂಮಿ ಬ್ರಾಡ್‌ವೇ ಹತ್ತಿದ್ದು 2000ದಲ್ಲಿ. ಅಷ್ಟು ವರ್ಷ ಮನೆ ಬಾಡಿಗೆ ಹೇಗೆ ಕಟ್ಟುತ್ತೀ? ಇರಲಿ. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗೆ ನಾಲ್ಕು ಸಲ ಅವನ ಹೆಸರು ಬಂತು. 2004ರಲ್ಲಿ 'ಟಬೂ'ಗೆ, ಅದೂ ನೂರು ಪ್ರದರ್ಶನಕ್ಕೇ ನಾಟಕ ನಿಂತುಹೋದ ಮೇಲೆ. 2007ರಲ್ಲಿ 'ಕಂಪನಿ', 2008ರಲ್ಲಿ ಪಿಂಟರನ 'ದ ಹೋಮ್‌ಕಮಿಂಗ್', 2009ರಲ್ಲಿ 'ಸ್ಪೀಡ್-ದ-ಪ್ಲೋ'. ಸಂಗೀತನಾಟಕ, ಮಾತಿನ ನಾಟಕ, ನಾಯಕ, ಪೋಷಕ ಎಂದು ನಟನಿಗೆ ಇರುವ ನಾಲ್ಕೂ ವಿಭಾಗ. ನಾಲ್ಕರಲ್ಲೂ ಬರಿಗೈ.

ಆ 2007ರ ರಾತ್ರಿಯನ್ನು ನನ್ನಿಂದ ಬಿಡಲಾಗುತ್ತಿಲ್ಲ. 'ಕಂಪನಿ'ಯಲ್ಲಿ ಎಲ್ಲರೂ ವಾದ್ಯ ನುಡಿಸುತ್ತಾರಂತೆ, ಇವನು ಮಾಡಿದ ಪಾತ್ರ ಬಾಬಿ ಒಬ್ಬನನ್ನು ಬಿಟ್ಟು. ಕೊನೆಯಲ್ಲಿ ಅವನೂ ಪಿಯಾನೋ ಮುಂದೆ ಕೂತು ಹಾಡುತ್ತಾನೆ. ಪ್ರಶಸ್ತಿ ಸಮಾರಂಭದಲ್ಲಿ ಆ ಹಾಡನ್ನೇ ಹಾಡಿದ. ನಾನೂ ನೋಡಿದೆ, ಸಂಗೀತ ತಿಳಿಯದ ನನಗೂ ಗಂಟಲು ಕಟ್ಟಿತು. ಪ್ರಶಸ್ತಿ ಮಾತ್ರ ಡೇವಿಡ್ ಹೈಡ್ ಪಿಯರ್ಸ್‌ಗೆ ಹೋಯಿತು. ಆಮೇಲೆ? ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಬೇಕು. ಪಕ್ಕದಲ್ಲಿ ಯಾರಿದ್ದರು? ಮನೆಗೆ ಹೋಗಿ ಊಟ ಮಾಡಿದನೋ ಇಲ್ಲವೋ? ಬೆಳಗ್ಗೆ ಎದ್ದು ಮೊದಲು ಯಾರ ಜೊತೆ ಮಾತಾಡಿದ? ಮಾರನೆಯ ವರ್ಷ ಮತ್ತೆ ಸಮಾರಂಭ ನಡೆಯುವ ಅದೇ ರೇಡಿಯೋ ಸಿಟಿ ಸಭಾಂಗಣಕ್ಕೆ ಹೋಗಿ ಕೂತನಲ್ಲ, ಆ ಧೈರ್ಯ ಎಲ್ಲಿಂದ ಬಂತು? ನೀನು ಸೋತರೆ ಅನ್ನುವ ಭಯವಲ್ಲ ನನ್ನದು. ಸೋತ ರಾತ್ರಿ ಒಂಟಿ ರೂಮಿನಲ್ಲಿ ಊಟ ಬಿಟ್ಟು ಮಲಗುತ್ತೀ ಅನ್ನುವುದು.

ಬ್ಯಾಂಕಿನ ಕೆಲಸ ಬಿಟ್ಟದ್ದಕ್ಕೆ ಹುಚ್ಚಿ ಅಂದೆ, ಸಿಟ್ಟಿನಲ್ಲಿ ಬಂದ ಮಾತು ಅದು. ಹಾಗಂತ ಕಷ್ಟಕ್ಕಿಟ್ಟ ದುಡ್ಡು ಮುಟ್ಟಬೇಡ. ಹೆಲ್ತ್ ಇನ್ಶೂರೆನ್ಸ್ ತಪ್ಪಿಸಬೇಡ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಪೂರ್ತಿ ಓದು. ಗಂಟಲು ಕಾಪಾಡಿಕೋ, ಐಸ್ ನೀರು ಬೇಡ. ಇವತ್ತು ಹಾಲಿನ ಅಂಗಡಿಯವನಿಗೆ ನಿನ್ನ ಯೂನಿವರ್ಸಿಟಿ ಹೆಸರು ನಾನೇ ಹೇಳಿದೆ, ಅವನು ಕೇಳಿರಲಿಲ್ಲ.

ಪಾತ್ರ ಸಿಕ್ಕ ದಿನ ಯಾರಿಗೆ ಬೇಕಾದರೂ ಮೊದಲು ಹೇಳು. ಸಿಗದ ದಿನ ಮಾತ್ರ ಮೊದಲು ಮನೆಗೆ ಫೋನ್ ಮಾಡು. ನಿನಗೆ ರಾತ್ರಿಯಾದರೆ ಇಲ್ಲಿ ಬೆಳಗು, ನಾನು ಎದ್ದಿರುತ್ತೇನೆ. ಉಪದೇಶ ಮಾಡುವುದಿಲ್ಲ ಅಂತ ಮಾತು ಕೊಡಲಾರೆ. ಶುರು ಮಾಡಿದರೆ ಅಮ್ಮನಿಗೆ ಕೊಡು ಅನ್ನು, ಕೊಟ್ಟುಬಿಡುತ್ತೇನೆ.

ನಿನ್ನ
ಅಪ್ಪ