ಕ್ಯಾನೊಪಿ ಬಾಗಿಲು ತೆರೆದಿಟ್ಟು ಜನರೇಟರ್ ಓಡಿಸುತ್ತಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಕಟ್ಟಡ ನಿರ್ವಹಣಾ ವಿಭಾಗ

ವಿಷಯ: ನಿಮ್ಮ ಹಿಂಬದಿಯ ಎರಡು ಡೀಸೆಲ್ ಜನರೇಟರ್‌ಗಳ ಸದ್ದು (ಮೂರನೇ ದೂರು)

ಮಾನ್ಯರೇ,

ನಿಮ್ಮ ಕಾಂಪೌಂಡಿಗೆ ಅಂಟಿಕೊಂಡ ಮನೆಯ ಮೊದಲ ಮಹಡಿಯಲ್ಲಿ ವಾಸವಿರುವವನು ನಾನು. ಇದೇ ವಿಷಯಕ್ಕೆ ಹಿಂದೆ ಎರಡು ಸಲ ಬರೆದಿದ್ದೇನೆ. ಮೊದಲ ಸಲ ‘ಪರಿಶೀಲಿಸಲಾಗುತ್ತಿದೆ’ ಎಂಬ ಉತ್ತರ ಬಂತು. ಎರಡನೇ ಸಲ ‘ಸಮಸ್ಯೆ ಬಗೆಹರಿದಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ’ ಎಂದು ಬಂತು. ಅದು ಬಂದ ಮೂರನೇ ದಿನ, ರಾತ್ರಿ ಒಂದೂವರೆಗೆ ಶುರುವಾದ ಜನರೇಟರ್ ನಾಲ್ಕರವರೆಗೂ ಓಡಿತು.

ನೀವು ಏನೂ ಮಾಡಲಿಲ್ಲ ಎನ್ನುತ್ತಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಆರಡಿ ಎತ್ತರಕ್ಕೆ ತಗಡು ಹೊಡೆಸಿದ್ದೀರಿ. ನಮ್ಮ ತೊಂದರೆ ಹೆಚ್ಚಾಗಿದ್ದೇ ಆ ತಗಡಿನಿಂದ. ಹೇಗೆಂದು ಹೇಳುತ್ತೇನೆ, ದಯವಿಟ್ಟು ನಿಮ್ಮ ಎಂಜಿನಿಯರ್‌ಗೂ ಇದನ್ನು ಓದಿಸಿ. ನಾನು ಎಂಜಿನ್ ರಿಪೇರಿ ಶೆಡ್ಡಿನಲ್ಲೇ ಆಯುಷ್ಯ ಕಳೆದವನು. ಎಂಜಿನ್ ಸದ್ದಿಗೆ ಸುಮ್ಮಸುಮ್ಮನೆ ಬೆಚ್ಚಿಬೀಳುವ ಜೀವವಲ್ಲ.

ಜನರೇಟರ್‌ನ ರೇಡಿಯೇಟರ್ ಫ್ಯಾನ್ ಬಿಸಿಗಾಳಿಯನ್ನು ಊದುವುದು ನಮ್ಮ ಗೋಡೆಯ ಕಡೆಗೆ. ಮೊದಲು ಆ ಗಾಳಿ ಗೋಡೆ ದಾಟಿ ಮೇಲೆ ಹೋಗುತ್ತಿತ್ತು. ಈಗ ತಗಡಿಗೆ ಬಡಿದು ವಾಪಸ್ ಬರುತ್ತದೆ, ಅದೇ ಬಿಸಿಗಾಳಿಯನ್ನು ಯಂತ್ರ ಮತ್ತೆ ಎಳೆದುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ನೀರು ಕಾದು ಅಲಾರಂ ಹೊಡೆದುಕೊಳ್ಳುತ್ತದೆ. ಆಪರೇಟರ್ ಹುಡುಗ ಓಡಿಬಂದು ಕ್ಯಾನೊಪಿಯ (ಸದ್ದು ತಡೆಯಲು ಜನರೇಟರ್ ಸುತ್ತ ಕೂರಿಸಿದ ಪೆಟ್ಟಿಗೆಯ) ನಾಲ್ಕೂ ಬಾಗಿಲು ತೆರೆದು, ಮುಚ್ಚಿಕೊಳ್ಳದಂತೆ ಒಂದೊಂದಕ್ಕೂ ಇಟ್ಟಿಗೆ ಆನಿಸಿ ಹೋಗುತ್ತಾನೆ. ಅಲ್ಲಿಗೆ ನೀವು ಕೊಂಡ ಸೌಂಡ್‌ಪ್ರೂಫ್ ಪೆಟ್ಟಿಗೆ ಬರೀ ಮಳೆಗೆ ಆಸರೆ, ಅಷ್ಟೆ. (ಹುಡುಗನನ್ನು ಬೈಯಬೇಡಿ. ಬಾಗಿಲು ತೆರೆಯದಿದ್ದರೆ ಎಂಜಿನ್ ನಿಲ್ಲುತ್ತದೆ, ನಿಂತರೆ ಅವನ ಕೆಲಸ ಹೋಗುತ್ತದೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.)

ಕ್ಯಾನೊಪಿಯ ಮೈಯಲ್ಲಿ ನೂರಕ್ಕೆ ಒಂದು ಪಾಲು ಕಿಂಡಿ ಉಳಿದರೂ ಸಾಕು, ಮಿಕ್ಕ 99 ಪಾಲು ಎಷ್ಟೇ ದಪ್ಪವಿದ್ದರೂ ಅದು 20 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ತಡೆಯಲಾರದು. ನಿಮ್ಮಲ್ಲಿ ತೆರೆದಿರುವುದು ಕಿಂಡಿಯಲ್ಲ, ಇಡೀ ಬಾಗಿಲುಗಳು.

ತಗಡು ಸದ್ದನ್ನಾದರೂ ತಡೆಯಿತೇ ಎಂದರೆ, ಅದೂ ಇಲ್ಲ. ನಿಮ್ಮದು 6 ಸಿಲಿಂಡರ್‌ಗಳ ನಾಲ್ಕು ಸ್ಟ್ರೋಕ್ ಎಂಜಿನ್, ವೇಗ ನಿಮಿಷಕ್ಕೆ 1500 ಸುತ್ತು. ಎರಡು ಸುತ್ತಿಗೆ ಒಮ್ಮೆ ಪ್ರತಿ ಸಿಲಿಂಡರ್ ಉರಿಯುವುದರಿಂದ ಸೆಕೆಂಡಿಗೆ 75 ಸಿಡಿತಗಳಾಗುತ್ತವೆ. ಸೈಲೆನ್ಸರ್ ಬಾಯಿಂದ ಬರುವ ಆ ಗುಂಯ್ ಎನ್ನುವ ಸದ್ದಿನ ಅಲೆಯ ಉದ್ದವೇ ನಾಲ್ಕೂವರೆ ಮೀಟರ್. ಅಷ್ಟುದ್ದದ ಅಲೆ ಆರಡಿ ತಗಡನ್ನು ಆರಾಮವಾಗಿ ಬಳಸಿಕೊಂಡು ಬರುತ್ತದೆ. ಕಿಟಕಿ ಮುಚ್ಚಿದರೆ ಫ್ಯಾನಿನ ಸದ್ದು ಕಡಿಮೆಯಾಗುತ್ತದೆ, ಈ ಗುಂಯ್ ಮಾತ್ರ ಗೋಡೆಯ ಮೂಲಕವೇ ಒಳಗಿರುತ್ತದೆ. ಅಡುಗೆಮನೆಯ ಪಾತ್ರೆಗಳ ಮುಚ್ಚಳ ಅದುರುತ್ತವೆ. ನನ್ನ ಹೆಂಡತಿ ಈಗ ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತಾಳೆ.

ನಿಮ್ಮವರು ಮೀಟರ್ ತಂದು ಅಳೆದು ‘ಮಿತಿಯೊಳಗೇ ಇದೆ’ ಎಂದರಲ್ಲ, ಅದರ ಬಗ್ಗೆ ಎರಡು ಮಾತು. ಅವರು ಬಂದದ್ದು ಮಧ್ಯಾಹ್ನ. ಓಡುತ್ತಿದ್ದದ್ದು ಒಂದೇ ಜನರೇಟರ್, ಅದೂ ಲೋಡ್ (ವಿದ್ಯುತ್ ಬಳಕೆಯ ಹೊರೆ) ಇಲ್ಲದೆ, ಬಾಗಿಲು ಮುಚ್ಚಿಕೊಂಡು. ಮೀಟರನ್ನು ‘ಎ’ ಮಾಪಕದಲ್ಲಿ ಇಟ್ಟಿದ್ದರು. 63 ಹರ್ಟ್ಸ್ (ಸೆಕೆಂಡಿಗೆ 63 ಕಂಪನ) ಆಸುಪಾಸಿನ ತಗ್ಗು ಸದ್ದನ್ನು ಆ ಮಾಪಕ ಸುಮಾರು 26 ಡೆಸಿಬೆಲ್ ಕಡಿಮೆ ಮಾಡಿ ತೋರಿಸುತ್ತದೆ. ನಮ್ಮನ್ನು ಎಬ್ಬಿಸುವ ಸದ್ದನ್ನೇ ಅದು ಬಹುಪಾಲು ಲೆಕ್ಕದಿಂದ ಬಿಟ್ಟುಬಿಡುತ್ತದೆ. ಮಲಗುವ ಕೋಣೆಯೊಳಗೆ ಸತತ ಸದ್ದು 30 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ತಗ್ಗು ಕಂಪನದ ಸದ್ದು ಹೆಚ್ಚಿದ್ದಲ್ಲಿ ಮಿತಿ ಇನ್ನೂ ಕೆಳಗಿರಬೇಕು ಎಂದೂ ಅದರಲ್ಲೇ ಇದೆ. ಈ ಸಲ ಅಳೆಯುವುದಾದರೆ ರಾತ್ರಿ ಬನ್ನಿ, ಎರಡೂ ಜನರೇಟರ್ ಲೋಡ್ ಮೇಲಿರುವಾಗ ಬನ್ನಿ. ತಗ್ಗು ಸದ್ದನ್ನೂ ಲೆಕ್ಕಕ್ಕೆ ಹಿಡಿಯುವ ‘ಸಿ’ ಮಾಪಕದಲ್ಲಿಯೂ ಅಳೆಯಿರಿ. ಮೀಟರ್ ಇಡಲು ನಮ್ಮ ಮಂಚವನ್ನೇ ಬಿಟ್ಟುಕೊಡುತ್ತೇನೆ.

ನಾನು ಕೇಳುವುದು ಹೊಸ ಜನರೇಟರ್ ಅಲ್ಲ, ಇನ್ನಷ್ಟು ಎತ್ತರದ ಗೋಡೆಯಂತೂ ಬೇಡವೇ ಬೇಡ. ಯಂತ್ರಕ್ಕೆ ಬಾಗಿಲು ಮುಚ್ಚಿಕೊಂಡೇ ಉಸಿರಾಡುವ ದಾರಿ ಮಾಡಿಕೊಡಿ. ಬಿಸಿಗಾಳಿ ಹೊರಬೀಳುವ ಕಡೆ ಮೇಲ್ಮುಖವಾಗಿ ತಿರುಗಿಸಿದ ಡಕ್ಟ್ (ಗಾಳಿ ಸಾಗಿಸುವ ಕೊಳವೆ) ಕೂರಿಸಿ, ಅದರೊಳಗೆ ಸದ್ದು ಹೀರುವ ಹಲಗೆಗಳನ್ನು ಸಾಲಾಗಿ ನಿಲ್ಲಿಸಬೇಕು. ಗಾಳಿ ಒಳಬರುವ ಕಡೆಯೂ ಹಾಗೆಯೇ. ಅಲ್ಲಿನ ತೆರವು ರೇಡಿಯೇಟರ್ ಮುಖಕ್ಕಿಂತ ದೊಡ್ಡದಿರಲಿ, ಈಗಿರುವುದು ಅದರ ಅರ್ಧವೂ ಇಲ್ಲ. ಇಷ್ಟಾದರೆ ಇಟ್ಟಿಗೆಗಳಿಗೆ ಕೆಲಸವಿರುವುದಿಲ್ಲ. ಆಮೇಲೆ ಸೈಲೆನ್ಸರ್. ಈಗಿನದು ಕಾರ್ಖಾನೆಗಳಿಗೆ ಹಾಕುವ ಸಾಮಾನ್ಯ ದರ್ಜೆಯದು, ಮನೆಗಳ ಪಕ್ಕ ಇರಬೇಕಾದ್ದು ಅದಕ್ಕಿಂತ ಹೆಚ್ಚು ಸದ್ದು ತಡೆಯುವ ಕ್ರಿಟಿಕಲ್ ದರ್ಜೆಯದು. ಬದಲಿಸುವಾಗ ಬ್ಯಾಕ್ ಪ್ರೆಶರ್ (ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ) ಎಂಜಿನ್ ತಯಾರಕರು ಹೇಳಿದ ಮಿತಿಯಲ್ಲಿದೆಯೇ ಎಂದು ನೋಡಿಕೊಳ್ಳಲಿ. ಹೊಗೆ ಕೊಳವೆಯನ್ನು ನಮ್ಮಿಬ್ಬರ ನಡುವಿನ ಗೋಡೆಗೇ ಕ್ಲಾಂಪ್ ಹಾಕಿ ಬಿಗಿದಿದ್ದಾರೆ. ಅದನ್ನು ಬಿಚ್ಚಿ ಬೇರೆ ಕಂಬದ ಮೇಲೆ ನಿಲ್ಲಿಸಿ, ಎಂಜಿನ್ ಹತ್ತಿರ ಬೆಲ್ಲೋಸ್ (ಅದುರಾಟ ಮುಂದೆ ಸಾಗದಂತೆ ತಡೆಯುವ, ಬಳುಕುವ ಕೊಳವೆ ತುಂಡು) ಹಾಕಿಸಿ. ಮುಚ್ಚಳಗಳ ಅದುರಾಟಕ್ಕೆ ಮುಕ್ಕಾಲು ಪಾಲು ಕಾರಣ ಆ ಕ್ಲಾಂಪ್ ಎಂದು ನನ್ನ ಅನುಮಾನ.

ರಾತ್ರಿ ಒಂದನ್ನೇ ಓಡಿಸುತ್ತೇವೆ ಎಂದು ಫೋನಿನಲ್ಲಿ ಹೇಳಿದಿರಿ. ಒಂದೇ ಬಗೆಯ ಎರಡರಲ್ಲಿ ಒಂದು ನಿಂತರೆ ಇಳಿಯುವುದು ಬರೀ 3 ಡೆಸಿಬೆಲ್, ಕಿವಿಗೆ ಗೊತ್ತಾಗುವುದೂ ಕಷ್ಟ. ಆದರೂ ಮಾಡಿ, ಅದು ನಿಮಗೇ ಒಳ್ಳೆಯದು. ಎರಡೂ ಓಡಿದರೆ ಲೋಡ್ ಹಂಚಿಹೋಗಿ ಒಂದೊಂದಕ್ಕೂ ಕಡಿಮೆ ಬೀಳುತ್ತದೆ. ಕಾಲು ಭಾಗವೂ ಲೋಡ್ ಇಲ್ಲದೆ ಗಂಟೆಗಟ್ಟಲೆ ಓಡಿದ ಡೀಸೆಲ್ ಎಂಜಿನ್ನಿನ ಹೊಗೆ ಕೊಳವೆಯಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ನಿಮ್ಮದರ ಕೀಲುಗಳಲ್ಲಿ ಅದು ಜಿನುಗುವುದು ನನ್ನ ಬಾಲ್ಕನಿಯಿಂದಲೇ ಕಾಣುತ್ತದೆ. ಶನಿವಾರದ ಟೆಸ್ಟ್ ರನ್ ಬೆಳಗಿನ ಐದೂವರೆಗೆ ಯಾಕೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಹನ್ನೊಂದಕ್ಕೆ ಮಾಡಿದರೆ ಯಾರದೂ ತಕರಾರಿಲ್ಲ.

ಕೊಳವೆ, ಡಕ್ಟ್ ಕೆಲಸಕ್ಕೆ ಸಮಯ ಬೇಕು, ಗೊತ್ತಿದೆ. ಆದರೆ ತಗಡು ಬಿಚ್ಚಲು ಒಂದು ದಿನ ಸಾಕು, ಟೆಸ್ಟ್ ರನ್ ಹೊತ್ತು ಬದಲಿಸಲು ಅದೂ ಬೇಡ. ಇವೆರಡನ್ನು ಈ ವಾರದಲ್ಲೇ ಮಾಡಿ, ಉಳಿದದ್ದಕ್ಕೆ ದಿನಾಂಕ ಹಾಕಿದ ಲಿಖಿತ ಉತ್ತರವನ್ನು ಹದಿನೈದು ದಿನದೊಳಗೆ ಕೊಡಬೇಕೆಂದು ಕೋರುತ್ತೇನೆ. ಬಾರದಿದ್ದರೆ ಈ ಪತ್ರ, ಹಿಂದಿನ ಎರಡು ಪತ್ರ, ನಿಮ್ಮ ಎರಡು ಉತ್ತರ ಮತ್ತು ಇಟ್ಟಿಗೆ ಆನಿಸಿದ ಬಾಗಿಲುಗಳ ಫೋಟೊಗಳು ಮಾಲಿನ್ಯ ನಿಯಂತ್ರಣ ಕಚೇರಿಗೆ ಹೋಗುತ್ತವೆ.

ಇತಿ,
ನಿಮ್ಮ ಹಿಂದಿನ ಮನೆಯವನು

ಲಗತ್ತು: ಎರಡು ತಿಂಗಳಲ್ಲಿ ಜನರೇಟರ್ ಓಡಿದ ರಾತ್ರಿಗಳ ಪಟ್ಟಿ, ಫೋಟೊಗಳು