ಏಳನೇ ಚೌಕ ಖಾಲಿ ಬಿಟ್ಟಿದ್ದೇನೆ

ಮಡಿಕೇರಿ

ಪ್ರೀತಿಯ ತಂಗಿ,

ನಿನ್ನ ಕವರು ಸೋಮವಾರ ಕೈಸೇರಿತು. ಮಳೆಗೆ ಒಂದು ಮೂಲೆ ನೆನೆದಿತ್ತು, ಒಳಗಿದ್ದ ನಿನ್ನ ಚಿತ್ರಕಥೆಯ ಹಾಳೆಗಳಿಗೆ ಏನೂ ಆಗಿರಲಿಲ್ಲ. ಅವತ್ತೇ ರಾತ್ರಿ ಒಮ್ಮೆ ಓದಿದೆ. ಮರುದಿನ ಪೆನ್ಸಿಲ್ ಹಿಡಿದು ಇನ್ನೊಮ್ಮೆ ಓದಿದೆ.

"ಮೇಷ್ಟ್ರೇ, ಇದು ಅಚ್ಚಾಗುವ ಹಾಗಿದೆಯೋ ಇಲ್ಲವೋ, ಅಷ್ಟು ಹೇಳಿದರೆ ಸಾಕು" ಅಂತ ಬರೆದಿದ್ದೀಯ. ಅಷ್ಟು ಹೇಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ನಿನ್ನ ಹತ್ತಿರ ಕಥೆ ಇದೆ. ಆದರೆ ಅದರ ಮೇಲೆ ಮಾತು ಜಾಸ್ತಿ ಬಿದ್ದಿದೆ.

ಮೂರನೇ ಚೌಕವನ್ನೇ ನೋಡು. ಕಕ್ಕಡ 18ರ ದಿನ, ಅಂದರೆ ಕೊಡಗಿನ ಮಳೆಗಾಲದ ತಿಂಗಳು ಕಕ್ಕಡದ 18ನೇ ದಿನ, ಆಗಸ್ಟ್ 3. ಅಜ್ಜಿ ಒಲೆಯ ಮೇಲೆ ಮದ್ದುಸೊಪ್ಪು ಬೇಯಿಸುತ್ತಿದ್ದಾಳೆ. ಮೇಲಿನ ಪಟ್ಟಿಯಲ್ಲಿ ನೀನು ಬರೆದದ್ದು: "ನೀರು ನೇರಳೆ ಬಣ್ಣಕ್ಕೆ ತಿರುಗಿತು." ಹುಡುಗಿಯ ಮಾತಿನ ಬಲೂನಿನಲ್ಲಿ: "ಅಜ್ಜೀ, ನೀರು ನೇರಳೆ ಆಯ್ತು!" ಅಜ್ಜಿಯ ಬಲೂನಿನಲ್ಲಿ: "ಹೌದು ಮಗಾ, ಈ ಸೊಪ್ಪು ಬೆಂದರೆ ನೀರು ನೇರಳೆ ಆಗುತ್ತದೆ." ಚಿತ್ರದಲ್ಲೂ ನೀರು ನೇರಳೆಯಾಗಿಯೇ ಇರುತ್ತದೆ, ಅಲ್ವಾ? ಒಂದೇ ವಿಷಯ ನಾಲ್ಕು ಸಲ ಬಂತು. ಬಣ್ಣವನ್ನು ಚಿತ್ರಕಾರನಿಗೆ ಬಿಡು. ಹುಡುಗಿ ಬೇರೇನಾದರೂ ಹೇಳಲಿ. "ನಾನು ಇದನ್ನು ಕುಡಿಯಲ್ಲ" ಅನ್ನಲಿ. ಆಗ ಅಜ್ಜಿಗೂ ಒಂದು ಕೆಲಸ ಸಿಗುತ್ತದೆ, ಮುಂದಿನ ಚೌಕಕ್ಕೂ ಕಾರಣ ಸಿಗುತ್ತದೆ.

ಮಕ್ಕಳ ಪತ್ರಿಕೆಯೊಂದರಲ್ಲಿ ಒಂಬತ್ತು ವರ್ಷ ಚಿತ್ರಕಥೆಯ ಪುಟಗಳನ್ನು ನೋಡಿಕೊಂಡೆ. ಆಗ ನಾನು ಮಾಡಿದ ಕೆಲಸದಲ್ಲಿ ಮುಕ್ಕಾಲು ಪಾಲು ಹೊಡೆದುಹಾಕುವುದೇ. ಕನ್ನಡಕ್ಕೆ ಇದು ಇನ್ನೂ ಜಾಸ್ತಿ ಬೇಕು. ನಮ್ಮ ಪದಗಳು ಉದ್ದ. "ಹೋಗಬೇಕಾಗಿತ್ತಲ್ಲವೇ" ಅಂತ ಒಂದು ಪದ ಹಾಕಿದರೆ ಸಣ್ಣ ಬಲೂನಿನ ಒಂದಿಡೀ ಸಾಲು ಹೋಯಿತು. ಒತ್ತಕ್ಷರ ಕೆಳಗಿಳಿಯುತ್ತದೆ, ಸಾಲು ಸಾಲಿನ ನಡುವೆ ಜಾಗ ಕೇಳುತ್ತದೆ. ಇಂಗ್ಲಿಷಿಗೆಂದು ಬರೆದ ಬಲೂನಿಗೆ ಕನ್ನಡ ತುರುಕಿದ ಪುಸ್ತಕಗಳನ್ನು ನೀನೂ ನೋಡಿರುತ್ತೀಯ. ಅಕ್ಷರ ಇರುವೆಯಷ್ಟಾಗಿ ಮಕ್ಕಳು ಕಣ್ಣು ಕಿರಿದು ಮಾಡಿ ಓದುತ್ತಾರೆ. ನೀನು ಕನ್ನಡದಲ್ಲೇ ಹುಟ್ಟಿದ ಕಥೆ ಬರೆಯುತ್ತಿದ್ದೀಯ. ಆ ಕಷ್ಟ ನಿನ್ನ ಮಕ್ಕಳಿಗೆ ಬೇಡ.

ಇನ್ನೊಂದು ಸಣ್ಣ ವಿಷಯ. ಮೊದಲು ಮಾತಾಡುವವರು ಚೌಕದ ಎಡಗಡೆ ನಿಂತಿರಬೇಕು. ನಿನ್ನ ಐದನೇ ಚೌಕದಲ್ಲಿ ಉತ್ತರ ಎಡಗಡೆ ಇದೆ, ಪ್ರಶ್ನೆ ಬಲಗಡೆ ಇದೆ.

ಅಮರ ಚಿತ್ರಕಥೆಯ ಅನಂತ ಪೈ ಅವರ ಬಗ್ಗೆ ಕೇಳಿದ್ದೀಯ. ಅವರಂತೆ ಆಗಬೇಕು ಅಂದಿದ್ದೀಯ. ಆಗಲಿ. ಆದರೆ ಜನ ಹೇಳುವುದು ಗೆದ್ದ ಮೇಲಿನ ಕಥೆಯನ್ನು. ನಾನು ಅದಕ್ಕೆ ಹಿಂದಿನದನ್ನೂ ಹೇಳುತ್ತೇನೆ.

ಅವರು ಹುಟ್ಟಿದ್ದು ನಮ್ಮ ಘಟ್ಟದ ಕೆಳಗೆ, ಕಾರ್ಕಳದಲ್ಲಿ, 1929ರಲ್ಲಿ. ಎರಡು ವರ್ಷಕ್ಕೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡರು. 12ನೇ ವಯಸ್ಸಿಗೆ ಮುಂಬೈ ಸೇರಿದರು. ಮನೆಮಾತು ಕೊಂಕಣಿ, ಓದಿದ್ದು ರಸಾಯನ ವಿಜ್ಞಾನ. 1954ರಲ್ಲಿ 'ಮಾನವ್' ಅಂತ ಮಕ್ಕಳ ಪತ್ರಿಕೆ ತೆಗೆದರು. ನಡೆಯಲಿಲ್ಲ. ಆಮೇಲೆ ಟೈಮ್ಸ್ ಆಫ್ ಇಂಡಿಯಾದಲ್ಲಿ ಕೆಲಸ ಮಾಡಿದರು. ಅಲ್ಲಿಂದ 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಹೊರಟಿತು, ಫ್ಯಾಂಟಮ್ ಮನೆಮನೆಗೆ ಬಂದ. 1967ರಲ್ಲಿ ದೆಹಲಿಯಲ್ಲಿ ಟೀವಿಯ ಒಂದು ಕ್ವಿಜ್ ನೋಡಿದರಂತೆ. ಗ್ರೀಕ್ ದೇವರ ಬಗ್ಗೆ ಕೇಳಿದರೆ ಮಕ್ಕಳು ಹೇಳಿದರು. ರಾಮನ ತಾಯಿ ಯಾರು ಅಂದರೆ ಸುಮ್ಮನಾದರು. ಅಮರ ಚಿತ್ರಕಥೆಯನ್ನು ಅವರು ಕೈಗೆತ್ತಿಕೊಂಡದ್ದು ಆ ವರ್ಷ. 'ಮಾನವ್' ತೆಗೆದು 13 ವರ್ಷ ಕಳೆದಿತ್ತು. ಆ 13 ವರ್ಷವನ್ನು ಯಾರೂ ಹೇಳುವುದಿಲ್ಲ. ಅಷ್ಟು ದಿನ ಅವರು ಬೇರೆಯವರ ಪುಸ್ತಕಗಳ ನಡುವೆ ಕೂತು ಈ ಕಸುಬು ಕಲಿತರು ಅಂತ ನನ್ನ ಎಣಿಕೆ. ಹಾಗಾಗಿ ನೀನು ಈಗಲೇ ಶಾಲೆಯ ಕೆಲಸ ಬಿಡುವ ಮಾತು ಬೇಡ. ಅಲ್ಲಿ ಸಂಬಳವೂ ಇದೆ, ಮಕ್ಕಳೂ ಇದ್ದಾರೆ.

ಇದರಲ್ಲಿ ಕನ್ನಡದ್ದೂ ಒಂದು ಪಾಲಿದೆ. ಅಮರ ಚಿತ್ರಕಥೆಯ ಮೊದಲ 10 ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಯೋಚನೆ ಅದು. ಕಥೆಗಳೆಲ್ಲ ಪಶ್ಚಿಮ ದೇಶಗಳವು. ಪೈ ಅವರ ಇಂಗ್ಲಿಷ್ 'ಕೃಷ್ಣ'ನ ಮೇಲೆ 11ನೇ ನಂಬರ್ ಯಾಕಿದೆ ಅಂತ ಗೊತ್ತಾಯಿತಲ್ಲ?

ಆದರೆ ನಿನಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಅಮರ ಚಿತ್ರಕಥೆಯ ವಿಷಯ ಅಲ್ಲ, ಟಿಂಕಲ್ ಅನ್ನುವ ಮಕ್ಕಳ ಪತ್ರಿಕೆಯ ವಿಷಯ. ಪೈ ಅದನ್ನು ಶುರು ಮಾಡಿದ್ದು 1980ರಲ್ಲಿ. ಮಕ್ಕಳು ಅವರಿಗೆ 'ಅಂಕಲ್ ಪೈ' ಅಂತ ಕಾಗದ ಬರೆದರು. ಕಾಗದದ ಜೊತೆ ಓದುಗರು ತಾವು ಕೇಳಿದ ಕಥೆಗಳನ್ನೂ ಕಳಿಸಿದರು. 1983ರಲ್ಲಿ ಬಂದ ಸುಪ್ಪಂಡಿ ಗೊತ್ತಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ಎಡವಟ್ಟು ಮಾಡುವ ಹುಡುಗ? ಅವನು ಮುಂಬೈ ಆಫೀಸಿನಲ್ಲಿ ಯಾರೋ ಕೂತು ಹೊಸೆದವನಲ್ಲ. ತಮಿಳುನಾಡಿನ ತಿರುಚ್ಚಿಯ ಓದುಗರೊಬ್ಬರು ಕಳಿಸಿದ ಜನಪದ ಕಥೆಗಳಿಂದ ಬಂದವನು. ಅವನಿಗೆ ಆ ಚಪ್ಪಟೆ ತಲೆ ಕೊಟ್ಟವರು ರಾಮ್ ವಾಯೀರ್ಕರ್. 'ಕೃಷ್ಣ'ನ ಚಿತ್ರಗಳನ್ನು ಬಿಡಿಸಿದ್ದೂ ಅದೇ ಕೈ. ಆ ಕಾಗದವನ್ನು ಯಾರೂ ಸರಿಯಾಗಿ ಓದದೆ ಬದಿಗಿಟ್ಟಿದ್ದರೆ ಸುಪ್ಪಂಡಿ ಇರುತ್ತಿರಲಿಲ್ಲ. ಸಂಪಾದಕನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಪ್ರತಿ ಕಾಗದವನ್ನೂ ಕೊನೆಯ ಸಾಲಿನ ತನಕ ಓದುವುದು.

ಈಗ ನಿನ್ನ ಏಳನೇ ಚೌಕಕ್ಕೆ ಬರುತ್ತೇನೆ. ಅಲ್ಲಿ ಅಜ್ಜಿ ಕೈ ಎತ್ತಿ ಹೇಳುತ್ತಾಳೆ: "ಈ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಗುಣ ಇರುತ್ತದೆ. ನಮ್ಮ ಹಿರಿಯರ ಆಚರಣೆಗಳನ್ನು ನಾವು ಉಳಿಸಿಕೊಳ್ಳಬೇಕು." ಮುಕ್ತಾಯ.

ತಂಗಿ, ನೀನು ಕೊಡಗಿನ ಶಾಲೆಯ ಟೀಚರ್. ಆಗಸ್ಟ್ 3ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದ ಮಕ್ಕಳು 4ನೇ ತಾರೀಕು ಬೆಳಿಗ್ಗೆ ಕ್ಲಾಸಿಗೆ ಬಂದು ಮೊದಲು ಏನು ಮಾತಾಡಿಕೊಳ್ಳುತ್ತಾರೆ? 18 ಔಷಧಿಯ ವಿಷಯವೇ? ಉಚ್ಚೆ ಕೆಂಪಾದ ವಿಷಯ! "ನಿಂದು ಆಯ್ತಾ? ನಂದು ಆಯ್ತು" ಅಂತ ಬೆಂಚಿನಿಂದ ಬೆಂಚಿಗೆ ಸುದ್ದಿ ಹೋಗುತ್ತದೆ. ಮೊದಲ ಸಲ ತಿಂದ ಮಗು ಬೆಳಿಗ್ಗೆ ಹೆದರಿ ಅಮ್ಮನನ್ನು ಕರೆಯುತ್ತದೆ. ಮನೆಯವರೆಲ್ಲ ನಗುತ್ತಾರೆ. ನಿನ್ನ ಕಥೆ ಇದ್ದದ್ದು ಅಲ್ಲಿ. ಹೆದರಿಕೆ ಇದೆ, ನಗು ಇದೆ, ಸೊಪ್ಪು ಮೈಯೊಳಗೆ ಹೋಗಿ ಬಂದದ್ದಕ್ಕೆ ಸಾಕ್ಷಿಯೂ ಇದೆ. ಟೀಚರ್ ಆದವಳು ಇದನ್ನು ಬರೆಯಬಾರದು ಅಂತ ಅಂಜಿದೆಯಾ? ಹಾಗಿದ್ದರೆ ಆ ಅಂಜಿಕೆ ನನಗೆ ಗೊತ್ತು. ನನ್ನಲ್ಲೂ ಬಹಳ ವರ್ಷ ಇತ್ತು.

ನಾನೂ ಪ್ರತಿ ಕಥೆಯ ಕೊನೆಗೆ ಒಂದು ನೀತಿಯ ಚೌಕ ಇಡುತ್ತಿದ್ದೆ. ಒಂದು ದಿನ ವಿರಾಜಪೇಟೆ ಕಡೆಯ ಶಾಲೆಯೊಂದರಲ್ಲಿ ಒಬ್ಬ ಹುಡುಗ ನನ್ನ ಚಿತ್ರಕಥೆಯನ್ನು ಗೆಳೆಯರಿಗೆ ಓದಿ ಹೇಳುತ್ತಿದ್ದ. ಚೆನ್ನಾಗಿ ಓದುತ್ತಿದ್ದ, ಆನೆಯ ದನಿಯನ್ನೂ ಮಾಡುತ್ತಿದ್ದ. ಕೊನೆಯ ಚೌಕ ಬಂದಾಗ ಪುಸ್ತಕ ಮುಚ್ಚಿದ. "ಇನ್ನೊಂದು ಉಂಟಲ್ಲ" ಅಂದೆ. "ಅದು ದೊಡ್ಡವರಿಗೆ ಸರ್" ಅಂದ. ನಾನೇ ಬರೆದವನು ಅಂತ ಅವನಿಗೆ ಗೊತ್ತಿರಲಿಲ್ಲ. ಆವತ್ತಿನಿಂದ ಆ ಚೌಕ ಬಿಟ್ಟೆ.

ನಮ್ಮ ಮಡಿಕೇರಿಯಲ್ಲಿ ಹೆಡ್ಮಾಸ್ಟರಾಗಿದ್ದ ಪಂಜೆ ಮಂಗೇಶರಾಯರು ಹುತ್ತರಿಯ ಹಾಡು ಬರೆದವರು ಅಂತ ದೊಡ್ಡವರಿಗೆ ನೆನಪು. ಮಕ್ಕಳಿಗೆ ಅವರು ನಾಗರಹಾವನ್ನು ಹತ್ತಿರ ಕರೆದು ಮಾತಾಡಿಸಿದವರು. ಹಾವಿನ ಮೇಲೆ ಪಾಠ ಮಾಡಲಿಲ್ಲ, ಹಾವಿನ ಜೊತೆ ಮಾತಾಡಿದರು. ಅವರೂ ಮೇಷ್ಟ್ರೇ, ಅಲ್ವಾ?

ಪೈ ಅವರ ಮೇಲೆ ನನಗಿರುವ ಗೌರವಕ್ಕೆ ಕೊರತೆ ಇಲ್ಲ. ಆದರೂ ಒಂದು ಮಾತು ನಿನಗೆ ಹೇಳಲೇಬೇಕು. ಹಳೆಯ ಅಮರ ಚಿತ್ರಕಥೆಗಳನ್ನು ಸಾಲಾಗಿ ಇಟ್ಟು ನೋಡು. ನಾಯಕರ ಮೈಬಣ್ಣ ತಿಳಿ. ರಾಕ್ಷಸರದ್ದು ಬಹಳ ಕಡೆ ಕಪ್ಪು, ಕಂದು. ಒಮ್ಮೆ ಶಾಲೆಯಲ್ಲಿ ಅವುಗಳನ್ನು ಹಂಚಿದ್ದೆ. ತೋಟದ ಕೆಲಸದವರ ಲೈನ್‌ಮನೆಯಿಂದ ಬರುತ್ತಿದ್ದ ಒಬ್ಬಳು ಪುಟ್ಟ ಹುಡುಗಿ ರಾಕ್ಷಸನ ಚಿತ್ರದ ಪಕ್ಕದಲ್ಲಿ ತನ್ನ ಕೈ ಇಟ್ಟು ನೋಡಿದಳು. ಏನೂ ಹೇಳಲಿಲ್ಲ. ಪುಟ ತಿರುಗಿಸಿದಳು. ಆ ಕೈ ನನ್ನ ಕಣ್ಣಿನಿಂದ ಹೋಗಿಲ್ಲ. ಬರಹದಲ್ಲಿ "ಒಬ್ಬ ರಾಕ್ಷಸನಿದ್ದ" ಅಂದರೆ ಬಣ್ಣ ಮಗುವಿನ ಮನಸ್ಸಿಗೆ ಬಿಟ್ಟದ್ದು. ಚಿತ್ರಕಥೆಯಲ್ಲಿ ಹಾಗಲ್ಲ, ಯಾವುದೋ ಒಂದು ಬಣ್ಣ ಹಾಕಲೇಬೇಕು. ಅದನ್ನು ಯೋಚಿಸದೆ ಹಾಕಿದರೂ ಅದು ಮಾತಾಡುತ್ತದೆ. ನಿನ್ನ ಕಥೆಯಲ್ಲಿ ತೋಟದ ಕೆಲಸಕ್ಕೆ ಬರುವ ಹೆಂಗಸಿನ ಮಗ ಒಂದೇ ಚೌಕದಲ್ಲಿ ಬಂದು ಹೋಗುತ್ತಾನೆ, ಅದೂ ನೀರು ಹೊತ್ತುಕೊಂಡು. ಅವನಿಗೂ ಪಾಯಸ ಕೊಡು. ಬೆಳಿಗ್ಗೆ ಅವನಿಗೂ ಹೆದರಿಕೆ ಆಗಲಿ.

ಚಿತ್ರಕಾರನಿಗೆ ಕಳಿಸುವ ಹಾಳೆಯ ಬಗ್ಗೆ. ಅವನು ಬೆಂಗಳೂರಿನವನು ಅಂದಿದ್ದೀಯ. ಹಾಗಾದರೆ "ಅಜ್ಜಿ ಕೊಡವ ಸೀರೆ ಉಟ್ಟಿದ್ದಾಳೆ" ಅಂತ ಬರೆದು ಬಿಟ್ಟರೆ ಸಾಲದು. ನೆರಿಗೆ ಹಿಂದೆ ಬರಬೇಕು ಅಂತ ಬರೆ, ಫೋಟೊ ಕಳಿಸು. ಹಿಂದಿನಿಂದ ಒಂದು, ಪಕ್ಕದಿಂದ ಒಂದು. ನನ್ನ ಪುಟವೊಂದರಲ್ಲಿ ನೆರಿಗೆ ಮುಂದೆ ಬಂದು ಅಚ್ಚಾಗಿಬಿಟ್ಟಿತ್ತು. ಒಬ್ಬ ಅಜ್ಜಿ ಪತ್ರಿಕೆಯನ್ನು ನನ್ನ ಮನೆ ಬಾಗಿಲಿಗೇ ತಂದು ತೋರಿಸಿದರು. ಬಯ್ಯಲಿಲ್ಲ. "ಇದು ನಾವಲ್ಲ" ಅಂದರು. ಕಲಾವಿದನ ತಪ್ಪಲ್ಲ ಅದು, ನಾನು ಹೇಳಿರಲಿಲ್ಲ. ನಿನ್ನ ಮೊದಲ ಚೌಕದಲ್ಲಿ ಧೋ ಅಂತ ಮಳೆ ಸುರಿಯುತ್ತಿದೆ, ತೋಟದಲ್ಲಿ ಕಾಫಿ ಹಣ್ಣು ಕೆಂಪಗೆ ತೂಗುತ್ತಿದೆ. ಕಕ್ಕಡದಲ್ಲಿ ಕಾಫಿ ಹಸಿರುಕಾಯಿ. ಇದು ನಿನಗೆ ಗೊತ್ತಿಲ್ಲದ್ದಲ್ಲ, ಚಂದಕ್ಕೆ ಅಂತ ಬರೆದುಬಿಟ್ಟಿದ್ದೀಯ. ತೋಟದ ಮಗು ಅದನ್ನು ಮೊದಲ ನೋಟಕ್ಕೇ ಹಿಡಿಯುತ್ತದೆ, ಮತ್ತೆ ನೀನು ಹೇಳುವ ಯಾವುದನ್ನೂ ಅಷ್ಟಾಗಿ ನಂಬುವುದಿಲ್ಲ.

ಭಾಷೆಯ ಪ್ರಶ್ನೆಗೆ ಉದ್ದ ಉತ್ತರ ಬೇಡ. ಮನೆಯಲ್ಲಿ ಕೊಡವ ತಕ್ಕ್ ಮಾತಾಡುವವಳು ಕನ್ನಡದಲ್ಲಿ ಬರೆದರೆ ಸಹಜ ಆಗುತ್ತದಾ ಅಂತ ಕೇಳಿದ್ದೀಯ. ನಿನ್ನ ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತು ಎಲ್ಲ ಇವೆ. ಆ ಮಕ್ಕಳು ಒಬ್ಬರಿಗೊಬ್ಬರು ಆಟದಲ್ಲಿ ಆಡುವ ಕನ್ನಡ ಇದೆಯಲ್ಲ, ಅದನ್ನೇ ಬಲೂನಿಗೆ ಹಾಕು. ಅದಕ್ಕಿಂತ ಸಹಜವಾದದ್ದು ನಿನಗೆ ಪುಸ್ತಕದಲ್ಲಿ ಸಿಗುವುದಿಲ್ಲ.

ದುಡ್ಡಿನ ವಿಷಯ ಕೇಳಲು ಸಂಕೋಚಪಟ್ಟಿದ್ದೀಯ. ಸಂಕೋಚ ಬೇಡ. ಬರೆಯುವ ಮೊದಲೇ ಸಂಭಾವನೆ ಎಷ್ಟು, ಯಾವಾಗ ಅಂತ ಕೇಳು. ಪುಸ್ತಕವಾದರೆ ಹಕ್ಕು ಯಾರದ್ದು ಅಂತ ಬರವಣಿಗೆಯಲ್ಲಿ ತರಿಸಿಕೋ. ಹಿಂದೊಮ್ಮೆ ಒಬ್ಬ ಪ್ರಕಾಶಕರ ಬಾಯಿಮಾತನ್ನು ನಂಬಿ ನಾಲ್ಕು ಪುಸ್ತಕಗಳ ಹಕ್ಕು ಕಳೆದುಕೊಂಡೆ. ಈಗ ಅವುಗಳನ್ನು ಮರುಮುದ್ರಣ ಮಾಡಲು ನನಗೇ ಆಗುತ್ತಿಲ್ಲ. ಚಿತ್ರಕಾರನ ಹೆಸರು ನಿನ್ನ ಹೆಸರಿನಷ್ಟೇ ದೊಡ್ಡದಾಗಿ ಬರಬೇಕು ಅಂತಲೂ ನೀನೇ ಕೇಳು. ಅವನು ಕೇಳಲಾರ.

ಹಾಳೆಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ. ಮೂರು, ಐದು, ಆರರಲ್ಲಿ ಪೆನ್ಸಿಲ್ ಗುರುತು ಇದೆ. ಏಳನೇ ಚೌಕದ ಮಾತನ್ನೆಲ್ಲ ಅಳಿಸಿ ಖಾಲಿ ಬಿಟ್ಟಿದ್ದೇನೆ. ಮೊದಲ ಆರು ಚೌಕಗಳನ್ನು ನಿನ್ನ ಐದನೇ ಕ್ಲಾಸಿಗೆ ಓದಿ ಹೇಳು. ಮರುದಿನ ಬೆಳಿಗ್ಗೆ ಏನಾಯಿತು ಅಂತ ಅವರನ್ನೇ ಕೇಳು. ಹಿಂದಿನ ಬೆಂಚಿನವರನ್ನು ಮೊದಲು ಕೇಳು. ಅವರು ಹೇಳಿದ್ದನ್ನು ತಿದ್ದದೆ ಬರೆದುಕೊಂಡು ನನಗೆ ಕಳಿಸು. ಮಳೆ ಹೀಗೇ ಇದ್ದರೆ ಕವರಿನ ಒಳಗೆ ಒಂದು ಪ್ಲಾಸ್ಟಿಕ್ ಹಾಕು.

ನಿನ್ನ
ಮೇಷ್ಟ್ರು