ನೋವು, ಮನಸ್ಸು, ಉರಿಯೂತ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಒಬ್ಬರು ‘ಸಿಆರ್‌ಪಿ (ಉರಿಯೂತ ಇದೆಯೇ ಎಂದು ನೋಡುವ ರಕ್ತಪರೀಕ್ಷೆ) ನಾರ್ಮಲ್ ಬಂದಿದೆ, ಹಾಗಾದ್ರೆ ನನ್ನ ನೋವು ಸುಳ್ಳಾ?’ ಅಂತ ಕೇಳಿದ್ದರು. ಖಂಡಿತ ಸುಳ್ಳಲ್ಲ. 3 ತಿಂಗಳು ದಾಟಿದ ನೋವಿನಲ್ಲಿ ನರಮಂಡಲವೇ ನೋವಿಗೆ ಅತಿಸೂಕ್ಷ್ಮವಾಗಿ ಸ್ಪಂದಿಸುತ್ತಿರಬಹುದು. ರಕ್ತದ ರಿಪೋರ್ಟಿನಲ್ಲಿ ಅದು ಕಾಣುವುದಿಲ್ಲ.

ರಾತ್ರಿ ಸೊಂಟ ಹಿಡಿದುಕೊಂಡು ಮಗ್ಗುಲು ಬದಲಿಸುವಾಗ ‘ಇದಿನ್ನು ವಾಸಿಯಾಗಲ್ಲ’ ಎಂಬ ಯೋಚನೆ ತಲೆಯಲ್ಲಿ ಸುತ್ತುತ್ತದಲ್ಲ, ಅದನ್ನು ಅಳೆಯಲು 1995ರಿಂದಲೇ 13 ಪ್ರಶ್ನೆಗಳ ಮಾಪಕವಿದೆ. ಇಂಥ ಯೋಚನೆ ಜಾಸ್ತಿ ಇರುವವರಲ್ಲಿ ನೋವಾದಾಗ ಉರಿಯೂತದ ಸೂಚಕ ಇಂಟರ್‌ಲ್ಯೂಕಿನ್-6 ಹೆಚ್ಚು ಏರುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಇದು ನಂಟು ಅಷ್ಟೆ. ಮನಸ್ಸೇ ಕಾರಣ ಎಂದಲ್ಲ. ‘ಎಲ್ಲಾ ನಿನ್ನ ಭ್ರಮೆ’ ಎನ್ನುವವರ ಮಾತಿಗೆ ದಯವಿಟ್ಟು ಕುಗ್ಗಬೇಡಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ರಿಪೋರ್ಟ್ ಜೊತೆಗೆ ನಿದ್ದೆ, ಭಯ, ಬೇಸರದ ವಿಷಯವನ್ನೂ ಮುಚ್ಚಿಡದೆ ಹೇಳಿ.